ಜಪಾನನ್ನೆಲ್ಲ ಸುತ್ತಿ ಏನೂ ನೋಡದ ಬುತ್ತಿ ಡಬ್ಬಿ

ನಾನು ಒಂದು ಬುತ್ತಿ ಡಬ್ಬಿ. ಸ್ಟೀಲಿನ ಮೈ, ಮೂರು ಅಂತಸ್ತು, ಮೇಲೊಂದು ಹಿಡಿಕೆ, ಎರಡು ಪಕ್ಕಕ್ಕೆ ಎರಡು ಕೊಂಡಿ. ನನ್ನಷ್ಟು ಜಪಾನ್ ಸುತ್ತಿದ ಪಾತ್ರೆ ಇಡೀ ಹುಬ್ಬಳ್ಳಿಯಲ್ಲಿ ಇನ್ನೊಂದು ಹುಟ್ಟಿರಲಾರದು. ಆದರೆ ಅಲ್ಲಿ ಏನೇನು ನೋಡಿದೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನೂ ನೋಡಲಿಲ್ಲ. ಬ್ಯಾಗಿನ ತಳದಲ್ಲಿ, ಛತ್ರಿ ಮತ್ತು ನೀರಿನ ಬಾಟಲಿಯ ನಡುವೆ ಕುಳಿತ ಡಬ್ಬಿಗೆ ಏನು ಕಂಡೀತು? ಊಟದ ಹೊತ್ತಿಗೆ ಮುಚ್ಚಳ ತೆಗೆದಾಗ ಒಂದಿಷ್ಟು ಆಕಾಶ ಕಾಣುತ್ತಿತ್ತು. ಅದು ಹುಬ್ಬಳ್ಳಿಯಲ್ಲೂ ಕಾಣುತ್ತಿತ್ತು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ. ಚಪ್ಪಟೆಯಾಗಿ ಸುಖವಾಗಿ ಬಿದ್ದಿದ್ದ ತಗಡನ್ನು ದುಂಡಗೆ ಕತ್ತರಿಸಿ, ಪ್ರೆಸ್ಸಿನ ಕೆಳಗಿಟ್ಟು, ಒಂದೇ ಏಟಿಗೆ ಬಟ್ಟಲು ಮಾಡಿದರು. ನಿನಗೆ ಏನಾಗಬೇಕೆಂದಿದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ತಿರುಗುವ ಚಕ್ರಕ್ಕೆ ಹಿಡಿದು, ಮುಖ ನೋಡಿಕೊಳ್ಳುವಷ್ಟು ಹೊಳಪು ಬರುವವರೆಗೆ ಉಜ್ಜಿದರು. ಪಾತ್ರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಸ್ವಲ್ಪ ಕಾಲ ಮೆರೆದೆ. ಅಲ್ಲಿಂದ ನನ್ನನ್ನು ಕೊಂಡವಳು ಗದಗಿನ ಶಿವಲೀಲಾ ಮೆಣಸಿನಕಾಯಿ. ತನ್ನ ಅಣ್ಣನ ಮಗಳು ನೀಲಗಂಗಾಳ ಮದುವೆಗೆ ಉಡುಗೊರೆ ಕೊಡಬೇಕಿತ್ತು. ಅಂಗಡಿಯವನು ಟರ್ರೆನ್ನುವ ಮಷಿನ್ ಹಿಡಿದು, "ಅಕ್ಕಾರ, ಹೆಸರು ಏನ್ ಹಾಕ್ಲಿ?" ಎಂದ. ಆಕೆ ತನ್ನ ಹೆಸರನ್ನೇ ಊರಿನ ಸಮೇತ ದಪ್ಪಕ್ಷರದಲ್ಲಿ ಹೊಡೆಸಿದಳು. ಮದುಮಗಳ ಹೆಸರು ಅದರ ಕೆಳಗೆ ಸಣ್ಣದಾಗಿ ಬಂತು, ಅದೂ ಜಾಗ ಉಳಿದಿತ್ತೆಂದು. ಮೈಗೆ ಹೀಗೆ ಹಚ್ಚೆ ಹಾಕಿಸಿಕೊಂಡು ನಾನು ನೀಲಗಂಗಾಳ ಪಾಲಿಗೆ ಬಂದೆ.

ನೀಲಗಂಗಾಳ ಗಂಡ ಶಿವಪುತ್ರ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಕೈ ಚೊಕ್ಕ, ಕಾಲು ಮಾತ್ರ ಒಂದು ಕಡೆ ನಿಲ್ಲುವಂಥದ್ದಲ್ಲ. ಅವರ ಕಾರ್ಖಾನೆಯೊಡನೆ ವ್ಯವಹಾರವಿದ್ದ ಜಪಾನಿನ ಒಂದು ಸಣ್ಣ ಕಂಪನಿ ಅವನನ್ನು ಎರಡು ವರ್ಷದ ಮಟ್ಟಿಗೆ ಕರೆಸಿಕೊಂಡಿತು. ಗಂಡ ಹೆಂಡತಿ ಇಬ್ಬರೂ ಹೊರಟರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನನ್ನ ಮೂರೂ ಅಂತಸ್ತಿಗೆ ಖಾರದ ಪುಡಿ ಒತ್ತಿ ತುಂಬಿದ್ದರು. ವಿಮಾನದಲ್ಲಿ ಎಲ್ಲರೂ ಕಿಟಕಿಯಿಂದ ಮೋಡ ನೋಡಿದರಂತೆ. ನಾನು ದಾರಿಯುದ್ದಕ್ಕೂ ಖಾರದ ಪುಡಿ ನೋಡಿದೆ.

ಅವರು ಇಳಿದುಕೊಂಡದ್ದು ಗಿಫು ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಹಿಂದೆ ಗುಡ್ಡ, ಮುಂದೆ ಹೊಳೆ, ನಡುವೆ ಒಂದು ಓಣಿ. ಅಂಥ ಊರಿಗೆ ಹೋದವರು ಸುಮ್ಮನೆ ಇರಬಾರದೇ? ಶಿವಪುತ್ರನಿಗೆ ಸುಮ್ಮನಿರುವುದು ಗೊತ್ತೇ ಇರಲಿಲ್ಲ.

"ನೀಲಾ, ನಮಗಿರೂದು ಎರಡ ವರ್ಷ. ಹೋದಮ್ಯಾಲೆ ಮತ್ತ ಇಲ್ಲಿಗೆ ಯಾರು ಕರಸ್ತಾರ? ನೋಡೂದೆಲ್ಲಾ ನೋಡಿಬಿಡೂಣು."

ನೋಡುವುದೆಲ್ಲಾ ಅಂದರೆ ಎಲ್ಲಾ. ಪ್ರತಿ ಭಾನುವಾರ ಒಂದು ಊರು. ಗುಡಿ, ಕೋಟೆ, ಜಲಪಾತ, ಹಳೇ ಸೇತುವೆ, ಎಲೆ ಕೆಂಪಾಗುವ ಕಣಿವೆ, ಯಾವುದೋ ಊರಿನಲ್ಲಿ ದೀಪ ತೇಲಿಬಿಡುವ ಹಬ್ಬ, ಇನ್ನಾವುದೋ ಊರಿನಲ್ಲಿ ಬೆಂಕಿ ಹೊತ್ತು ಓಡುವ ಹಬ್ಬ. ಆ ದೇಶದಲ್ಲಿ ನೋಡಲು ನೀರಿನಂತೆ ತಿಳಿಯಾಗಿರುವ ಸಾರಿನಲ್ಲೂ ಮೀನು ಇರುತ್ತದೆ. ಇವರು ಮೀನು ಮುಟ್ಟುವವರಲ್ಲ. ಆದ್ದರಿಂದ ಎಲ್ಲಿಗೆ ಹೋದರೂ ಬುತ್ತಿ, ಬುತ್ತಿಯೆಂದರೆ ನಾನು. ಊರೆಲ್ಲ ಮಲಗಿರುವಾಗ ನೀಲಗಂಗಾ ಒಲೆಯ ಮುಂದೆ ನಿಂತು ಚಪಾತಿ ಬೇಯಿಸಿ, ಬದನೆಕಾಯಿ ಪಲ್ಯ ಮಾಡಿ, ನನ್ನನ್ನು ತುಂಬಿ, ಕೊಂಡಿ ಹಾಕುತ್ತಿದ್ದಳು. ಕೊಂಡಿ ಹಾಕುವಾಗ ಅವಳ ಬೆರಳಿನ ಬಿರುಸಿನಿಂದಲೇ ಅವಳ ಮನಸ್ಸು ನನಗೆ ತಿಳಿಯುತ್ತಿತ್ತು.

ನಾರಾ ಊರಿಗೆ ಹೋದೆವು. ಅಲ್ಲಿ ಜಿಂಕೆಗಳು ಬೀದಿಯಲ್ಲೇ ಓಡಾಡುತ್ತವೆ, ತಲೆಬಾಗಿ ನಮಸ್ಕಾರ ಮಾಡುತ್ತವೆ ಎಂದು ಶಿವಪುತ್ರ ರೈಲಿನುದ್ದಕ್ಕೂ ಹೇಳಿದ. ಮಾಡಿದವು. ನಮಸ್ಕಾರ ಮಾಡಿ, ತಲೆ ಎತ್ತಿ, ನನ್ನ ಮೇಲಿನ ಅಂತಸ್ತಿಗೆ ಬಾಯಿ ಹಾಕಿ ಕಡಕ ರೊಟ್ಟಿಯನ್ನೆಲ್ಲ ಕರುಕುರು ಎಂದು ಮುಗಿಸಿದವು. ಊರಿಂದ ತಂದ ರೊಟ್ಟಿ! ನೀಲಗಂಗಾಳ ಕಣ್ಣಲ್ಲಿ ನೀರು ಬಂತು. ಶಿವಪುತ್ರ ಫೋಟೊ ತೆಗೆಯುತ್ತಿದ್ದ. ಫ್ಯೂಜಿ ಪರ್ವತಕ್ಕೂ ಹೋದೆವು, ಒಂದು ಸಲವಲ್ಲ. ಹೋದಾಗಲೆಲ್ಲ ಮೋಡ. ಮೋಡದ ಕಡೆ ಬೆರಳು ಮಾಡಿ, "ಅಲ್ಲೇ ಐತಿ, ಬರೋಬ್ಬರಿ ಅಲ್ಲೇ" ಎಂದು ಅವನು ಹೇಳುತ್ತಿದ್ದ. ಕಾಣದ ಬೆಟ್ಟದ ಮುಂದೆ ಕುಳಿತು ಮೊಸರನ್ನ ತಿಂದು ಮನೆಗೆ ಬರುತ್ತಿದ್ದೆವು. ಗಿಫುವಿನ ಹೊಳೆಯಲ್ಲಿ ನೀರುಕಾಗೆಗಳ ಕುತ್ತಿಗೆಗೆ ದಾರ ಕಟ್ಟಿ ಮೀನು ಹಿಡಿಸುವುದನ್ನು ನೋಡಲು ದೋಣಿ ಹತ್ತಿದರು. "ಪಾಪ, ಹಿಡಿದದ್ದು ನುಂಗಾಕೂ ಬಿಡೂದಿಲ್ಲೇನ್ರೀ" ಎಂದು ನೀಲಗಂಗಾ ಮುಖ ತಿರುಗಿಸಿ ಕುಳಿತಳು. ದೋಣಿ ತೂಗಿ ನನ್ನೊಳಗಿನ ಸಾರು ಚೆಲ್ಲಿತು. ಇವು ನಾನು ಕಂಡ ಜಪಾನಿನ ಪ್ರಸಿದ್ಧ ದೃಶ್ಯಗಳು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ದೇಶದ ಬೀದಿಯಲ್ಲಿ ಕಸದ ಡಬ್ಬಿ ಇಡುವುದಿಲ್ಲ. ಹುಡುಕಿದರೂ ಸಿಗುವುದಿಲ್ಲ. ಆದರೆ ಬೀದಿಯಲ್ಲಿ ಒಂದು ಚೂರು ಕಸ ಇರುವುದಿಲ್ಲ. ಹಾಗಾದರೆ ಕಸ ಎಲ್ಲಿಗೆ ಹೋಗುತ್ತದೆ? ನನ್ನೊಳಗೆ! ಬಾಳೆಹಣ್ಣಿನ ಸಿಪ್ಪೆ, ಮೂಗು ಒರೆಸಿದ ಕಾಗದ, ಐಸ್‌ಕ್ರೀಮಿನ ಕಡ್ಡಿ, ಎಲ್ಲವನ್ನೂ ಊಟವಾದ ಮೇಲೆ ನನ್ನ ಕೆಳಗಿನ ಅಂತಸ್ತಿಗೆ ತುಂಬಿ ಮನೆಗೆ ಹೊತ್ತು ತರುತ್ತಿದ್ದರು. ಬೆಳಿಗ್ಗೆ ಬುತ್ತಿ ಡಬ್ಬಿ, ಸಂಜೆ ಕಸದ ಡಬ್ಬಿ. ಸೋದರತ್ತೆ ಕೊಟ್ಟ ಮದುವೆಯ ಉಡುಗೊರೆಗೆ ಬಂದ ಗತಿ ಇದು.

ಇಷ್ಟು ಸುತ್ತಿದರೂ ನೀಲಗಂಗಾಳ ಮುಖದಲ್ಲಿ ಗೆಲುವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಜಲಪಾತವಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮನೆ. ನೋಡುವ ಮನೆಯಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, "ಏನ್ ಮಾಡಾಕ ಹತ್ತೀರಿ?" ಎಂದು ಕೇಳುವ ಮನೆ. ತವರೂರು ಗದಗಿನಲ್ಲಿ ಅವಳಿಗೆ ಅಂಥ ಮನೆಗಳು ಓಣಿಯ ತುಂಬ ಇದ್ದವು. ಇಲ್ಲಿ ಬಂದ ಮೇಲೆ ಒಂದೇ ಒಂದು ಬಾಗಿಲು ದಾಟಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಎಲ್ಲರೂ ಬಾಗಿ ವಂದಿಸುತ್ತಿದ್ದರು, ಒಳಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. "ನಾಕ ಗ್ವಾಡಿ ನೋಡಿ ನೋಡಿ ಸಾಕಾಗೇದ" ಎಂದು ನನ್ನನ್ನು ತಿಕ್ಕುತ್ತಾ ಅವಳು ನನಗೇ ಹೇಳುತ್ತಿದ್ದಳು.

ಅವರ ಪಕ್ಕದ ಮನೆ ಕುರೊದಾ ಎಂಬ ಅಜ್ಜಿಯದು. ಗಂಡ ತೀರಿಕೊಂಡಿದ್ದ, ಮಗಳು ದೂರದ ನಗರದಲ್ಲಿ. ಅಜ್ಜಿಗೊಂದು ಬೂದು ಬಣ್ಣದ ಬೆಕ್ಕು. ಹೊಸ ಮನೆಗೆ ಬಂದವರು ಅಕ್ಕಪಕ್ಕದವರಿಗೆ ಏನಾದರೂ ಸಣ್ಣ ಕಾಣಿಕೆ ಕೊಡಬೇಕು, ಒಂದು ಟವೆಲ್ಲೋ ಸೋಪೋ ಸಾಕು ಎಂದು ಕಂಪನಿಯವರು ಹೇಳಿಕೊಟ್ಟಿದ್ದರು. ಟವೆಲ್ ಕೊಡುವುದೆಂದರೇನು, ಸತ್ತವರ ಮನೆಯೇ ಎಂದು ನೀಲಗಂಗಾ ನನ್ನ ತುಂಬ ಶೇಂಗಾ ಹೋಳಿಗೆ ತುಂಬಿ ಒಯ್ದಳು. ಅಲ್ಲಿಂದ ಶುರುವಾಯಿತು ನನ್ನ ಫಜೀತಿ.

ಅಜ್ಜಿ ಬಾಗಿಲು ತೆರೆದು, ನನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಗಿ ಬಾಗಿ, "ದಯವಿಟ್ಟು ಒಳಗೆ ಬನ್ನಿ" ಎಂದಳು. ನೀಲಗಂಗಾಳಿಗೆ ಆಗ ಅಷ್ಟು ಜಪಾನಿ ಅರ್ಥವಾಗುತ್ತಿತ್ತು. ಆದರೆ ಕರೆದ ತಕ್ಷಣ ಒಳಗೆ ನುಗ್ಗುವವರು ಯಾರಿದ್ದಾರೆ ನಮ್ಮಲ್ಲಿ? ಅವಳು ಕೈಯಾಡಿಸಿ ಬೇಡ ಬೇಡ ಎಂದಳು. ನಮ್ಮ ಕಡೆ ಬೇಡ ಎಂದರೆ ಇನ್ನೊಮ್ಮೆ ಕರೆಯಿರಿ ಎಂದು ಅರ್ಥ. ಕೈ ಹಿಡಿದು ಎಳೆದು ಕೂರಿಸುತ್ತಾರೆ. ಅಜ್ಜಿಯ ಕಡೆ ಬೇಡ ಎಂದರೆ ಬೇಡ ಎಂದೇ ಅರ್ಥ, ಬೇಡ ಎಂದವರನ್ನು ಮತ್ತೆ ಕರೆದರೆ ಅವರಿಗೆ ತೊಂದರೆ ಕೊಟ್ಟಂತೆ. ಅಜ್ಜಿ ಬಾಗಿದಳು, ಬಾಗಿಲು ಹಾಕಿಕೊಂಡಳು. ನೀಲಗಂಗಾ ಚಪ್ಪಲಿಗಳ ನಡುವೆ ನಿಂತೇ ಇದ್ದಳು. ಆಮೇಲೆ ಅಜ್ಜಿ ಎಂದೂ ಕರೆಯಲಿಲ್ಲ. "ಇನ್ನೊಮ್ಮೆ ಕರದಿದ್ರ ಅಕಿ ಗಂಟೇನು ಹೋಗ್ತಿತ್ತು?" ಎಂದು ನೀಲಗಂಗಾ ಗಂಡನ ಮುಂದೆ ಎಷ್ಟು ಸಲ ಹೇಳಿದಳೋ.

ನಾನು ಮಾತ್ರ ಒಳಗೆ ಹೋದೆ. ಮರುವಾರ ಕಿತ್ತಳೆ ತುಂಬಿಕೊಂಡು ಹೊರಗೆ ಬಂದೆ. ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದು ಆ ಅಜ್ಜಿಯ ಪದ್ಧತಿಯಲ್ಲಿಲ್ಲ. ನೀಲಗಂಗಾಳ ಪದ್ಧತಿಯಲ್ಲೂ ಇಲ್ಲ. ಕಿತ್ತಳೆ ಬಂತೆಂದು ಇವಳು ಅವಲಕ್ಕಿ ಚೂಡಾ ಕೊಟ್ಟಳು. ಚೂಡಾ ಬಂತೆಂದು ಅವಳು ಸಿಹಿಗೆಣಸು ಬೇಯಿಸಿ ಕೊಟ್ಟಳು. ಗೆಣಸು ಬಂತೆಂದು ಇವಳು ರವೆ ಉಂಡಿ. ನಿಲ್ಲಿಸಲು ಇಬ್ಬರಿಗೂ ಗೊತ್ತಿರಲಿಲ್ಲ, ಯಾರು ನಿಲ್ಲಿಸಿದರೂ ಅವಮಾನ. ಭಾನುವಾರ ಗಂಡನ ಜೊತೆ ಊರೂರು, ಉಳಿದ ದಿನ ಈ ಎರಡು ಹೊಸ್ತಿಲುಗಳ ನಡುವೆ. ನನಗೆ ರಜೆಯೇ ಇರಲಿಲ್ಲ.

ಅಜ್ಜಿಯ ಅಡುಗೆಮನೆ ಕಂಡದ್ದು ನಾನೊಬ್ಬನೇ. ಒಂದು ಸಣ್ಣ ಮೇಜು, ಸುತ್ತಲಿನ ಕುರ್ಚಿಗಳಲ್ಲಿ ಒಂದೇ ಸವೆದಿತ್ತು. ನನ್ನನ್ನು ಮೇಜಿನ ಮೇಲಿಟ್ಟು, ಗೋಡೆಯ ಪಕ್ಕ ಇಟ್ಟಿದ್ದ ಗಂಡನ ಫೋಟೊಗೆ ಅವಳು ಹೇಳುತ್ತಿದ್ದಳು: "ನೋಡಿದಿರಾ, ಆ ಸ್ಟೀಲ್ ಗೋಪುರ ಮತ್ತೆ ಬಂತು. ಈ ಸಲ ಏನು ತುಂಬಲಿ?" ಪಾತ್ರೆಗಳಿಗೆ ಭಾಷೆಯ ಅಡ್ಡಿ ಇಲ್ಲ, ಬೈಗುಳ ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ನನ್ನ ಮೈಮೇಲಿನ ಅಕ್ಷರಗಳನ್ನು ಅವಳು ಯಾವುದೋ ಬಳ್ಳಿಯ ಚಿತ್ತಾರ ಅಂದುಕೊಂಡಿದ್ದಳು. ಕನ್ನಡಕ ಹಾಕಿಕೊಂಡು, ಬೆರಳಾಡಿಸಿ, "ಎಷ್ಟು ಚೆಂದದ ಕೆಲಸ" ಎನ್ನುತ್ತಿದ್ದಳು. ಗದಗಿನ ಶಿವಲೀಲಾ ಮೆಣಸಿನಕಾಯಿಗೆ ಇಷ್ಟು ಮರ್ಯಾದೆ ಗದಗಿನಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಮೀನು ಬಂತು. ಬೇಯಿಸಿದ ಸೊಪ್ಪಿನ ಮೇಲೆ ಮರದ ಹೊಟ್ಟಿನಂತೆ ತೆಳ್ಳಗೆ ಏನೋ ಉದುರಿಸಿದ್ದಳು, ಬಿಸಿಗೆ ಅದು ಜೀವ ಬಂದಂತೆ ಅಲುಗುತ್ತಿತ್ತು. ಶಿವಪುತ್ರ ಬಗ್ಗಿ ನೋಡಿ ಹಿಂದೆ ಸರಿದ.

"ಏ ಇವಳ, ಇದು ಕುಣಿಯಾಕ ಹತ್ತೈತಿ!"

ಅದು ಒಣಮೀನನ್ನು ಹೆರೆದ ಚೂರು. ಮುಂದಿನ ಸಲ ಸಣ್ಣ ಸಣ್ಣ ಮೀನು, ಕಣ್ಣು ಸಮೇತ. "ಹೇಳಿಬಿಡು, ನಾವು ತಿನ್ನೂದಿಲ್ಲ ಅಂತ" ಎಂದ ಶಿವಪುತ್ರ. "ಹೆಂಗ ಹೇಳ್ಲಿ? ಆ ಮುದುಕಿ ಇಷ್ಟ ಪ್ರೀತಿಲೆ ಮಾಡಿ ಕೊಟ್ಟಾಳ. ಮನಸು ನೋಯಸ್ಲೇನು?" ಎಂದಳು ನೀಲಗಂಗಾ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಮೆಟ್ಟಿಲ ಕೆಳಗೆ ಒಂದು ಬೂದು ಬೆಕ್ಕು ದಿನಾ ಬಂದು ಕೂರುತ್ತಿತ್ತು. ನೀಲಗಂಗಾ ಮೀನನ್ನೆಲ್ಲ ಅದಕ್ಕೆ ಹಾಕಿ, ನನ್ನನ್ನು ಹುಣಸೆಹಣ್ಣು ಹಚ್ಚಿ, ಬಿಸಿನೀರು ಸುರಿದು, ಮತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನನ್ನ ಹೊಳಪೆಲ್ಲ ಆ ಮೀನಿಗೇ ಹೋಯಿತು. ಆ ಬೆಕ್ಕು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿಯನ್ನು ಯಾರು ಕೇಳುತ್ತಾರೆ?

ಮೊದಲ ವರ್ಷದ ಶರತ್ಕಾಲದಲ್ಲಿ ಆ ಓಣಿಯ ಹಬ್ಬ ಬಂತು. ದೊಡ್ಡ ಊರುಗಳ ಹಬ್ಬದಂತೆ ನೋಡುವವರ ಸಂತೆಯಿಲ್ಲ, ಓಣಿಯವರದ್ದೇ ಹಬ್ಬ. ಗಂಡಸರು ನೀಲಿಯ ಗಿಡ್ಡ ಅಂಗಿ ತೊಟ್ಟು, ದೇವರ ಪಲ್ಲಕ್ಕಿಯನ್ನು ಹೆಗಲ ಮೇಲೆ ಹೊತ್ತು ಕೂಗುತ್ತಾ ಗುಡ್ಡದ ಗುಡಿಯಿಂದ ಹೊಳೆಯವರೆಗೆ ಹೋಗಿ ಬರುತ್ತಾರೆ. ಹೆಂಗಸರು ಓಣಿಯ ಭವನದಲ್ಲಿ ಬೆಳಿಗ್ಗೆಯಿಂದ ಎಲ್ಲರಿಗೂ ಅಡುಗೆ ಮಾಡುತ್ತಾರೆ. ಅಡುಗೆಯ ಯಜಮಾನಿಕೆ ಕುರೊದಾ ಅಜ್ಜಿಯದು. ನೀಲಗಂಗಾ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ನನ್ನಲ್ಲಿ ಚಿತ್ರಾನ್ನ ತುಂಬಿಕೊಂಡು ನೇರ ಆ ಭವನದ ಅಡುಗೆಮನೆಗೆ ಹೋದಳು. ಮದುವೆ ಮನೆಯಲ್ಲಿ ಯಾರಾದರೂ ಹೇಳಿಕಳಿಸಲೆಂದು ಕಾಯುತ್ತಾರೆಯೇ? ಒಂದು ಚಾಕು ಹಿಡಿದು ಮೂಲಂಗಿ ಹೆಚ್ಚಲು ಕೂತಳು. ಓಣಿಯ ಮುಖಂಡ ಓಗುರಾನ ಹೆಂಡತಿ ಓಡಿ ಬಂದು, ಬಾಗಿ ಬಾಗಿ, ನಗುತ್ತಾ ನಗುತ್ತಾ, ಆ ಚಾಕನ್ನು ಕೈಯಿಂದ ತೆಗೆದುಕೊಂಡಳು. "ಅತಿಥಿಗಳು ನೀವು, ಅತಿಥಿಗಳು" ಎಂದು ಕರೆತಂದು ಹೊರಗಿನ ಡೇರೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕೈಗೆ ಒಂದು ಕಾಗದದ ಬೀಸಣಿಗೆ ಕೊಟ್ಟರು. ಓಣಿಯವರೆಲ್ಲ ಬಂದು ಅವಳ ಸೀರೆಯ ಜೊತೆ ಫೋಟೊ ತೆಗೆಸಿಕೊಂಡರು.

ಶಿವಪುತ್ರನಿಗೆ ನೀಲಿ ಅಂಗಿ ತೊಡಿಸಿ ಪಲ್ಲಕ್ಕಿಗೆ ಹೆಗಲು ಕೊಡಲು ಬಿಟ್ಟರು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ತಿರುಗಿ ಬಂದಾಗ ಹೆಂಡತಿ ಬೀಸಣಿಗೆ ಮಡಿಲಲ್ಲಿಟ್ಟುಕೊಂಡು, ಹಲ್ಲುಕಚ್ಚಿ ಕೂತಿದ್ದಳು.

"ಏನಾತು? ಎಷ್ಟ ಮರ್ಯಾದಿಲೆ ಕುಂದ್ರಿಸ್ಯಾರಲ್ಲ."

"ಗೊಂಬಿ ಕುಂದ್ರಿಸಿದಂಗ ಕುಂದ್ರಿಸ್ಯಾರ. ಎಲ್ಲಾರೂ ಕೆಲಸಾ ಮಾಡಾಕ ಹತ್ಯಾರ, ನಾ ಒಬ್ಬಾಕಿ ಕುರ್ಚಿ ಮ್ಯಾಲೆ. ನನ್ನ ಕೈ ಏನ್ ಬಿದ್ದುಹೋಗ್ಯಾವು?"

ಅವಳ ಕೈಗೆ ಒಂದು ರಟ್ಟಿನ ಊಟದ ಪೆಟ್ಟಿಗೆ ಬಂತು, ಹೊರಗಿನ ಅತಿಥಿಗಳಿಗೆಲ್ಲ ಕೊಡುವಂಥದ್ದು. ಅದರ ತುಂಬ ಮೀನು. ಚಿತ್ರಾನ್ನ ನನ್ನಲ್ಲೇ ಉಳಿಯಿತು. ಅಂದು ಸಂಜೆ ಅವಳು ನನ್ನನ್ನು ತೊಳೆಯಲೂ ಇಲ್ಲ.

ಆಮೇಲೆ ಒಂದು ವರ್ಷ ಕಳೆಯಿತು. ನಾನು ಇನ್ನೂ ಎಷ್ಟೋ ಗುಡಿಗಳ ಮೆಟ್ಟಿಲು ಹತ್ತಿದೆ, ಎಷ್ಟೋ ಊರಿನ ಕಸ ಹೊತ್ತೆ. ನೀಲಗಂಗಾ ಊರಿನ ಕಚೇರಿಯಲ್ಲಿ ನಡೆಯುತ್ತಿದ್ದ ತರಗತಿಗೆ ಹೋಗಿ ಜಪಾನಿ ಕಲಿತಳು, ನಿಧಾನವಾಗಿ ಹೇಳಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅಜ್ಜಿಯ ಹೊಸ್ತಿಲಲ್ಲಿ ಈಗ ಮಾತು ಉದ್ದವಾಗುತ್ತಿತ್ತು. ಮಳೆ, ಚಳಿ, ಮಗಳು, ಮಂಡಿನೋವು. ಆದರೆ ಅಜ್ಜಿ ಮೇಲೆ, ಇವಳು ಕೆಳಗೆ ಚಪ್ಪಲಿಗಳ ನಡುವೆ. ಆ ಒಂದು ಮೆಟ್ಟಿಲು ಹಾಗೇ ಉಳಿಯಿತು. ಅವಳಿಗಿದ್ದ ಕೊಡುಕೊಳ್ಳುವ ಬಳಕೆಯೆಂದರೆ ಅದೊಂದೇ, ಅದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಎರಡನೆಯ ವರ್ಷದ ಹಬ್ಬಕ್ಕೆ ಸ್ವಲ್ಪ ಮುಂಚೆ ಅವಳು ನನ್ನನ್ನು ಶೇಂಗಾ ಹೋಳಿಗೆ ತುಂಬಿ ಕಳಿಸಿದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ತಾನೇ ಬಂದು ನನ್ನನ್ನು ಬಾಗಿಲಲ್ಲಿ ಕೊಟ್ಟಳು. ಏನೋ ಅವಸರ, ಗಡಿಬಿಡಿಯಲ್ಲಿ ಏನೋ ಹೇಳಿ, ನೀಲಗಂಗಾಳಿಗೆ ತಿಳಿಯುವ ಮೊದಲೇ ಹೋದಳು. ನೀಲಗಂಗಾ ನನ್ನನ್ನು ಎತ್ತಿದಾಗಲೇ ಅವಳ ಕೈಗೆ ಗೊತ್ತಾಯಿತು. ಕೊಂಡಿ ತೆಗೆದಳು. ಮೇಲಿನ ಅಂತಸ್ತು ಖಾಲಿ. ನಡುವಿನದು ಖಾಲಿ. ಕೆಳಗಿನದೂ ಖಾಲಿ. ಥಳಥಳ ತೊಳೆದ ಬರಿದಾದ ಡಬ್ಬಿ. ಒಂದು ಕಿತ್ತಳೆಯ ಎಸಳೂ ಇರಲಿಲ್ಲ.

ನಮ್ಮ ಕಡೆ ಬರಿದಾದ ಪಾತ್ರೆ ಬಾಗಿಲಿಗೆ ಬಂದರೆ ಬಳಕೆ ಮುಗಿಯಿತೆಂದು ಅರ್ಥ. ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಶಿವಪುತ್ರ ಕೆಲಸದಿಂದ ಬಂದವನು ಅವಳ ಮುಖ ನೋಡಿದ, ನನ್ನನ್ನು ನೋಡಿದ, ಅವನ ಮುಖವೂ ಬಿದ್ದುಹೋಯಿತು.

"ಹೋದ ವಾರ ಕಸಾ ಇಡಾಕ ಹೋಗಿದ್ನೆಲ್ಲ, ಆಗ ಅಜ್ಜಿ ಸಿಕ್ಕಿದ್ಳು. ಫೋನಿನಾಗ ಜಪಾನಿ ಮಾಡಿ ಓದಿಸ್ದೆ. ನಾವು ಮೀನಾ ತಿನ್ನೂದಿಲ್ಲ, ದಯಮಾಡಿ ಕಳಸಬ್ಯಾಡ್ರಿ, ನೀವು ಕಳಿಸಿದ್ದೆಲ್ಲಾ ಬೆಕ್ಕಿಗೆ ಹಾಕ್ತೀವಿ ಅಂತ."

ನೀಲಗಂಗಾ ಕಣ್ಣು ಮುಚ್ಚಿದಳು. "ಮೀನಾ ತಿನ್ನೂದಿಲ್ಲ ಅನ್ರಿ, ಆಗ್ಲಿ. ಬೆಕ್ಕಿನ ಮಾತ ಯಾಕ ಹೇಳಿದ್ರಿ?"

"ಖರೇ ಹೇಳಬೇಕಲಾ…"

"ಇಷ್ಟ ದಿನದಾಗ ನಿಮಗ ಖರೇ ಹೇಳಾಕ ಇದೊಂದ ಸಿಕ್ತೇನು!"

ಮರುದಿನ ಬೆಳಿಗ್ಗೆ ಓಣಿಯಲ್ಲಿ ಡೋಲಿನ ಸದ್ದು ಎದ್ದಿತು. ಶಿವಪುತ್ರ, ಸಮಾಧಾನ ಮಾಡಲೆಂದು, ಅವಳ ಚೀಲ ಕೈಗೆತ್ತಿಕೊಂಡ. "ಇಲ್ಲಿ ಹೋಗೂದ ಬ್ಯಾಡ. ಪ್ಯಾಟ್ಯಾಗ ಇದಕ್ಕಿಂತ ದೊಡ್ಡ ಹಬ್ಬ ಐತಿ, ತೇರಿನ ಮ್ಯಾಲೆ ಗೊಂಬಿ ಕುಣಸ್ತಾರಂತ. ರೈಲಿಗೆ ಹೊತ್ತೈತಿ ಇನ್ನೂ. ಬುತ್ತಿ ಕಟ್ಟು."

ಬುತ್ತಿ ಕಟ್ಟು ಎನ್ನುವುದೊಂದು ಸಾಕಾಯಿತು. ಒಂದೂವರೆ ವರ್ಷದ ಸಿಟ್ಟೆಲ್ಲ ಒಮ್ಮೆಲೇ ಹೊರಬಂತು.

"ಸಾಕ್ರಿ! ಎಷ್ಟ ಹಬ್ಬ ನೋಡೀನಿ ನಾನು? ಎಲ್ಲಾರ ಹಬ್ಬಾ ನೋಡೀನಿ. ಒಂದರಾಗರೆ ನಾ ಅದೀನೇನು? ನಿಂತು ನೋಡೂದು, ಫೋಟೊ ತಗೊಳ್ಳೂದು, ಚಪಾತಿ ತಿನ್ನೂದು, ಕಸಾ ಹೊತ್ಕೊಂಡು ಬರೂದು. ಆ ಮುದುಕಿ ಬಾಗಲಾ ಒಂದ ಇತ್ತು ನನಗ, ಅದನೂ ಕಳದ್ರಿ. ನೋಡೂದಿದ್ರ ನೀವ ಹೋಗಿ ನೋಡ್ರಿ. ನಾ ಅಕಿ ಕಡೆ ಹೊಂಟೇನಿ. ಬೈದ್ರ ಬೈಲಿ, ಎದುರಿಗೆ ಬೈಸ್ಕೊಂಡು ಬರ್ತೇನಿ."

ಖಾಲಿ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಅವಳು ಹೊರಬಿದ್ದಳು. ಏನು ತುಂಬಬೇಕೆಂದು ಹೊಳೆಯಲೂ ಇಲ್ಲ, ಸಿಟ್ಟಿನಲ್ಲಿ. ಅಜ್ಜಿಯ ಮನೆ ಬೀಗ ಹಾಕಿತ್ತು. ಓಣಿಯ ಭವನದ ಕಡೆ ನಡೆದಳು. ನಾನು ಅವಳ ಕೈಯಲ್ಲಿ ತೂಗುತ್ತಾ, ಖಾಲಿಯಾದ್ದರಿಂದ ಹೆಜ್ಜೆಗೊಮ್ಮೆ ಖಣಖಣ ಎನ್ನುತ್ತಾ ಹೋದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಹೊರಗೆ ಡೇರೆಯಲ್ಲಿ ಕುರ್ಚಿಗಳು ಸಾಲಾಗಿ ಕಾದಿದ್ದವು. ಅವಳು ಆ ಕಡೆ ನೋಡದೆ ಭವನದ ಬಾಗಿಲಿಗೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ಅಲ್ಲಿಂದ ಮುಂದೆ ಹೆಜ್ಜೆ ಏಳಲಿಲ್ಲ.

ಒಳಗಿಂದ ಕುರೊದಾ ಅಜ್ಜಿ ಬಂದಳು. ತಲೆಗೆ ಬಿಳಿಯ ಬಟ್ಟೆ, ಕೈಯಲ್ಲಿ ಸೌಟು, ಮುಖ ಒಲೆಯ ಕಾವಿಗೆ ಕೆಂಪಾಗಿತ್ತು. ಅವಳ ಸಿಟ್ಟೂ ನೀಲಗಂಗಾಳ ಸಿಟ್ಟಿಗಿಂತ ಕಡಿಮೆಯೇನಿರಲಿಲ್ಲ.

"ಇಷ್ಟು ಹೊತ್ತೇನು ಬರೋದು? ಅಕ್ಕಿ ಬೆಂದು ಆರುತ್ತಾ ಬಂತು. ಡಬ್ಬಿ ತಂದಿದ್ದೀಯ ತಾನೇ?"

ನೀಲಗಂಗಾ ನನ್ನನ್ನು ಎತ್ತಿ ತೋರಿಸಿದಳು. ಕಲಿತ ಜಪಾನಿಯನ್ನೆಲ್ಲ ಒಟ್ಟುಗೂಡಿಸಿ, "ಖಾಲಿ ಕಳಿಸಿದಿರಿ. ನಿಮಗೆ ಸಿಟ್ಟು ಬಂದಿದೆ ಅಂದುಕೊಂಡೆ" ಎಂದಳು.

"ಸಿಟ್ಟು ಬಂದೇ ಇದೆ. ಒಂದೂವರೆ ವರ್ಷ ಬಾಯಿ ಬಿಡಲಿಲ್ಲ ನೀನು. ಎಷ್ಟು ಒಳ್ಳೆಯ ಮೀನು ಹಾಳಾಯಿತು! ನನ್ನ ಬೆಕ್ಕು ಮನೆಯಲ್ಲಿ ಊಟ ಬಿಟ್ಟಿದೆ ಅಂತ ನಾನು ಅದನ್ನು ಡಾಕ್ಟರ ಹತ್ತಿರ ಹೊತ್ತುಕೊಂಡು ತಿರುಗಿದ್ದೀನಿ. ಡಾಕ್ಟರು ಹೇಳಿದರು, ಇದಕ್ಕೆ ರೋಗವಿಲ್ಲ, ಬೊಜ್ಜು ಅಂತ." ಸೌಟಿನಿಂದ ಅವಳು ನನ್ನ ಕಡೆ ತೋರಿಸಿದಳು. "ಇಲ್ಲಿ ಅಡುಗೆಗೆ ಬರುವವರೆಲ್ಲ ತಮ್ಮ ತಮ್ಮ ಖಾಲಿ ಡಬ್ಬಿ ತರುತ್ತಾರೆ. ಕೆಲಸ ಮುಗಿದ ಮೇಲೆ ಪಾಲು ತುಂಬಿಕೊಂಡು ಹೋಗುತ್ತಾರೆ. ನಾಳೆ ಇದನ್ನು ತಗೊಂಡು ಬಾ ಅಂತ ನಿನ್ನೆ ಹೇಳಿದೆನಲ್ಲ, ಕೇಳಿಸಲಿಲ್ಲವೇ? ರಟ್ಟಿನ ಪೆಟ್ಟಿಗೆ ಅತಿಥಿಗಳಿಗೆ. ನಿನಗೆ ಅದು ಬೇಕಾದರೆ ಹೋಗಿ ಡೇರೆಯಲ್ಲಿ ಕೂತುಕೋ."

"ಬೇಡ" ಎಂದಳು ನೀಲಗಂಗಾ.

ಅಜ್ಜಿ ಈ ಬೇಡವನ್ನು ಕೇಳಿ, ಒಮ್ಮೆ ಉಸಿರು ಬಿಟ್ಟು, ಕೈ ಚಾಚಿ ಅವಳ ಮೊಣಕೈ ಹಿಡಿದಳು. "ಹಾಗಾದರೆ ಚಪ್ಪಲಿ ಬಿಡು. ಒಳಗೆ ಬಾ. ನಿನಗೆ ಅಂತ ಕಡಲ ಪಾಚಿ, ಅಣಬೆ ಹಾಕಿ ಬೇರೆ ಪಾತ್ರೆಯಲ್ಲಿ ಸಾರು ಇಟ್ಟಿದ್ದೀನಿ, ಅದರಲ್ಲಿ ಮೀನಿಲ್ಲ. ಅದನ್ನು ನೀನೇ ನೋಡಿಕೋ, ನನಗೆ ಎರಡು ಒಲೆ ಕಾಯೋದಕ್ಕಾಗಲ್ಲ."

ನೀಲಗಂಗಾ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ನನ್ನನ್ನು ಇತರ ಡಬ್ಬಿಗಳ ಸಾಲಿನಲ್ಲಿಟ್ಟಳು. ಪ್ಲಾಸ್ಟಿಕ್ಕಿನವು, ಮೆರುಗೆಣ್ಣೆಯ ಮರದವು, ನನ್ನ ಹಾಗೆ ಎತ್ತರದ್ದು ಒಂದೂ ಇಲ್ಲ. ಇಡೀ ದಿನ ಅವಳು ಬಿಸಿ ಅನ್ನದ ಉಂಡೆ ಕಟ್ಟಿದಳು, ಕೈ ಸುಟ್ಟುಕೊಂಡಳು, ಉಪ್ಪು ಹೆಚ್ಚಾಯಿತೆಂದು ಬೈಸಿಕೊಂಡಳು. ಹೊರಗೆ ಪಲ್ಲಕ್ಕಿ ಬಂತು, ಹೋಯಿತು, ಅವಳು ತಲೆ ಎತ್ತಿ ನೋಡಲಿಲ್ಲ. ಜಪಾನಿನಲ್ಲಿ ಅವಳು ನೋಡದೇ ಬಿಟ್ಟ ಹಬ್ಬ ಅದೊಂದೇ. ಅಷ್ಟು ನಗುಮುಖವನ್ನು ನಾನು ಯಾವ ಜಲಪಾತದ ಮುಂದೆಯೂ ಕಂಡಿರಲಿಲ್ಲ.

ಶಿವಪುತ್ರ ಪೇಟೆಯ ಹಬ್ಬಕ್ಕೆ ಹೋಗದೆ ಡೇರೆಯ ಕುರ್ಚಿಯಲ್ಲಿ ಕೂತಿದ್ದ, ಬೀಸಣಿಗೆ ಹಿಡಿದು, ಒಬ್ಬನೇ.

ಆ ಚಳಿಗಾಲವೆಲ್ಲ ನಾನು ಆರಾಮಾಗಿದ್ದೆ. ನೀಲಗಂಗಾ ಅಜ್ಜಿಯ ಅಡುಗೆಮನೆಗೆ ತಾನೇ ಹೋಗಿ ಕೂರುತ್ತಿದ್ದಳು. ತಾನೇ ಹೋಗುವವಳಿಗೆ ಡಬ್ಬಿ ಯಾಕೆ? ವಸಂತದಲ್ಲಿ ಎರಡು ವರ್ಷ ಮುಗಿಯಿತು. ಹೊರಡುವ ದಿನ ನೀಲಗಂಗಾ ನನ್ನನ್ನು ಅಜ್ಜಿಯ ಮೇಜಿನ ಮೇಲಿಟ್ಟು, "ಇದು ಇಲ್ಲೇ ಇರಲಿ" ಎಂದಳು. ಅಜ್ಜಿ ಬೇಡ ಬೇಡ ಎಂದಳು. ನೀಲಗಂಗಾ ಅವಳ ಕೈ ಹಿಡಿದು ನನ್ನ ಹಿಡಿಕೆಯ ಮೇಲೆ ಇಟ್ಟು, ಒತ್ತಿ ಹಿಡಿದಳು. ಇಬ್ಬರೂ ಅತ್ತರು. ಶಿವಪುತ್ರ ಹೊರಗೆ ಟ್ಯಾಕ್ಸಿಯ ಹತ್ತಿರ ನಿಂತು, ರೈಲು ತಪ್ಪುತ್ತದೆ ಎಂದು ಕೂಗುತ್ತಿದ್ದ.

ಅದಾಗಿ ಬಹಳ ವರ್ಷಗಳಾದವು. ಅಜ್ಜಿಗೆ ನಡೆಯಲಾಗದಾದಾಗ ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ಅಜ್ಜಿ ನನ್ನನ್ನು ಓಣಿಯ ಭವನಕ್ಕೆ ಕಳಿಸಿ ಅಡುಗೆಮನೆಯ ಕಪಾಟಿನಲ್ಲಿ ಇಡಿಸಿದಳು. ನನ್ನ ಒಂದು ಕೊಂಡಿ ಸಡಿಲಾಗಿದೆ. ನಡುವಿನ ಅಂತಸ್ತಿಗೆ ತಗ್ಗು ಬಿದ್ದಿದೆ. ವರ್ಷವೆಲ್ಲ ಕತ್ತಲಲ್ಲಿ ಕೂತಿರುತ್ತೇನೆ, ಆ ಬ್ಯಾಗಿಗಿಂತ ಇದೇನೂ ಮೇಲಲ್ಲ. ಊರೂರು ಸುತ್ತಿ ಏನೂ ಕಾಣದ್ದಕ್ಕೆ ಮೊದಲು ಬಹಳ ಸಂಕಟವಿತ್ತು, ಈಗ ಅಷ್ಟಿಲ್ಲ. ಸುತ್ತಿದ ಊರುಗಳಲ್ಲಿ ಯಾರಿಗೂ ನಮ್ಮ ನೆನಪಿಲ್ಲ. ನಾರಾದ ಜಿಂಕೆಗೂ ಇಲ್ಲ.

ವರ್ಷಕ್ಕೊಂದು ದಿನ ಕಪಾಟಿನ ಬಾಗಿಲು ತೆರೆಯುತ್ತದೆ. ಮೊನ್ನೆಯೂ ತೆರೆಯಿತು. ನನ್ನನ್ನು ತೊಳೆದು ಡಬ್ಬಿಗಳ ಸಾಲಿನಲ್ಲಿಟ್ಟರು. ಹಬ್ಬ ಮುಗಿದ ಸಂಜೆ, ಓಣಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಸೌಟು ಹಿಡಿದು ಒಂದೊಂದಕ್ಕೂ ಬಡಿಸುತ್ತಾ ಬಂದಳು. ನನ್ನ ಮುಂದೆ ನಿಂತಳು.

"ಇದು ಯಾರದು? ತಗೊಂಡು ಹೋಗುವವರು ಯಾರೂ ಕಾಣುವುದಿಲ್ಲವಲ್ಲ."

ಓಗುರಾನ ಹೆಂಡತಿ ಮೂಲೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು, ಅವಳಿಗೂ ಈಗ ವಯಸ್ಸಾಗಿದೆ. ತಲೆ ಎತ್ತದೆ ಹೇಳಿದಳು: "ಅದು ನೀಲಾ ಅವರ ಪಾಲು. ಅದಕ್ಕೆ ಇದನ್ನು ಹಾಕಬೇಡ, ನೀನು ಬಡಿಸುತ್ತಿರುವ ಪಾತ್ರೆಯಲ್ಲಿ ಮೀನಿದೆ. ಪಕ್ಕದ ಒಲೆಯ ಮೇಲೆ ಬೇರೆ ಪಾತ್ರೆ ಇದೆಯಲ್ಲ, ಅದರಿಂದ ಹಾಕು."